ಕುರಿ ತೊಳೆಯುವ ದಿನ ಎಣಿಸಿದ ಚೌಕಗಳು

ಹೋದ ವಾರ ದಡ್ಡಿ ಊರಿನ ಕಡೆ ಹೋಗುವಾಗ ಸೇತುವೆಯ ಹತ್ತಿರ ಸ್ಕೂಟರ್ ನಿಲ್ಲಿಸಬೇಕಾಯಿತು. ಎದುರಿಗೆ ಕುರಿ ಹಿಂಡು ಬರುತ್ತಿತ್ತು, ಆಗಷ್ಟೇ ನೀರಿನಿಂದ ಎದ್ದದ್ದು. ತೊಯ್ದ ಉಣ್ಣೆಗೆ ಅದರದೇ ಒಂದು ವಾಸನೆ ಇದೆ. ನೆನೆದ ಕಂಬಳಿ, ಕೆಸರು, ಹಿಕ್ಕೆ, ಅವುಗಳ ಕೆಳಗೆ ಎಲ್ಲೋ ಒಂದು ಎಣ್ಣೆಯ ಕಮಟು. ಹಿಂಡು ದಾಟುವವರೆಗೆ ನಿಂತೇ ಇದ್ದೆ. ಮನೆಗೆ ಬಂದು ಮೂರು ವರ್ಷದ ಹಿಂದಿನ ನೋಟ್‌ಬುಕ್ ಹುಡುಕಿ ತೆಗೆದೆ.

ಮೊದಲ ಸಾಲು ಹೀಗಿದೆ: "ಅಕ್ಟೋಬರ್ 3. ಗೋಕಾಕ. ಯಂತ್ರ ಕೈಗೆ ಬಂತು. ಪಟ್ಟಿ ತೆಗೆದದ್ದು 1, ನನ್ನದೇ."

ಆಗ ನನಗೆ ಇಪ್ಪತ್ಮೂರು. ಇಸಿಜಿ ತೆಗೆಯುವ ಕೋರ್ಸ್ ಮುಗಿಸಿ ಹತ್ತರಗಿಯ ಮನೆಯಲ್ಲಿ ಕೂತಿದ್ದೆ. ಅವ್ವ ಊರವರ ಕಬ್ಬಿನಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಳು. ಗೋಕಾಕದಲ್ಲಿ ಹೃದಯದ ಡಾಕ್ಟರಾದ ಶೈಲಜಾ ಮೇಡಂ ಒಂದು ಕೆಲಸ ಶುರು ಮಾಡಿದ್ದರು. ಸಣ್ಣ ಯಂತ್ರವನ್ನು ಹಳ್ಳಿಗಳಿಗೆ ಒಯ್ದು ಎದೆಬಡಿತದ ಗೆರೆ ತೆಗೆಯುವುದು, ಒಂದು ದಿನ ಇದ್ದಕ್ಕಿದ್ದಂತೆ ತಾಳ ತಪ್ಪಬಹುದಾದ ಹೃದಯಗಳನ್ನು ಮೊದಲೇ ಹುಡುಕುವುದು. ಅದಕ್ಕೆ ನನ್ನನ್ನು ತೆಗೆದುಕೊಂಡರು.

ಮೊದಲ ದಿನ ನನ್ನದೇ ಗೆರೆ ಬಿದ್ದ ಕಾಗದದ ಪಟ್ಟಿಯನ್ನು ಮೇಜಿನ ಮೇಲೆ ಹರಡಿ ಪೆನ್ಸಿಲಿನಿಂದ ತೋರಿಸಿದರು.

"ಇಲ್ಲೆ ಚೂಪಗ ಎದ್ದೈತಿ ನೋಡು, ಇದು ಬಡಿತ. ಇದರ ಬೆನ್ನಿಗೆ ಈ ಸಣ್ಣ ಗುಡ್ಡ ಐತಲ್ಲ, ಇದು ಹೃದಯ ಮುಂದಿನ ಬಡಿತಕ್ಕ ತಯಾರಾಗೂದು. ಕೆಲವ್ರ ಹೃದಯಕ್ಕ ತಯಾರಾಗಾಕ ಹೊತ್ತು ಹಿಡೀತೈತಿ. ಸುಮ್ಮನ ಕುಂತಾಗ ಏನೂ ಆಗೂದಿಲ್ಲ. ಓಡಿದಾಗ, ಈಜಿದಾಗ, ಹೆದರಿದಾಗ ಬಡಿತ ಜೋರ ಆಗತೈತಿ. ತಯಾರಾಗೂದ್ರೊಳಗ ಮುಂದಿನ ಬಡಿತ ಈ ಗುಡ್ಡದ ಮ್ಯಾಲ ಬಿತ್ತಂದ್ರ ತಾಳ ತಪ್ಪಬಹುದು. ಆಮ್ಯಾಲ ನಿಮಿಷದ ಲೆಕ್ಕ."

"ಮೊದಲ ಏನಾರ ನೋವು ಬರತೈತೇನ್ರಿ ಮೇಡಂ?"

"ಬಂದಿದ್ರ ಅವರು ತಾವ ದವಾಖಾನಿಗೆ ಬರತಿದ್ರು. ನಿನ್ನ ಯಾಕ ಕಳಸತಿದ್ದೆ?"

ಆ ಕಾಗದದ ಮೇಲೆ ಒಂದು ಸಣ್ಣ ಚೌಕವೆಂದರೆ ಒಂದು ಸೆಕೆಂಡಿನ ಇಪ್ಪತ್ತೈದು ಪಾಲಿನಲ್ಲಿ ಒಂದು ಪಾಲು. ಕಣ್ಣು ಮಿಟುಕಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಬಡಿತದ ಆರಂಭದಿಂದ ಗುಡ್ಡದ ಬಾಲದವರೆಗೆ ಎಷ್ಟು ಚೌಕ ಎಂದು ಎಣಿಸುವುದನ್ನು ಮೇಡಂ ಕಲಿಸಿದರು. ಯಂತ್ರ ತಾನೇ ಲೆಕ್ಕ ಹಾಕಿ ಮುದ್ರಿಸುತ್ತಿತ್ತು, ಆದರೂ ಕೈಯಿಂದ ಎಣಿಸದೆ ಬರೆಯಬಾರದು ಎಂಬುದು ಅವರ ನಿಯಮ. ನನ್ನದು ಹತ್ತೂವರೆ ಬಂತು. ಆ ರಾತ್ರಿ ಊಟಕ್ಕೆ ಕೂತಾಗಲೂ ನನ್ನ ಎದೆಯೊಳಗೆ ಆ ಗುಡ್ಡ ಏಳುವುದು, ಇಳಿಯುವುದು ನೆನಪಾಗುತ್ತಿತ್ತು. ಇಪ್ಪತ್ಮೂರು ವರ್ಷ ನನಗೆ ಗೊತ್ತಿಲ್ಲದೆ ಅದು ಒಂದೊಂದು ಸಲವೂ ತಯಾರಾಗಿತ್ತು.

ಆ ಚಳಿಗಾಲ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಕಳೆಯಿತು. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ಕಡೆ ರಸ್ತೆ ತುಂಬ ಕಬ್ಬಿನ ಒಣ ಗರಿ, ಬೆಳಗಿನ ಮಂಜಿನಲ್ಲಿ ಗಾಣದ ಹೊಗೆ. ಶಾಲೆಯ ಕೋಣೆಯಲ್ಲೋ ಪಂಚಾಯಿತಿಯ ಜಗುಲಿಯ ಮೇಲೋ ಮೇಜು ಹಾಕಿ ಯಂತ್ರ ಇಡುತ್ತಿದ್ದೆ. ನವೆಂಬರ್ ಅರ್ಧಕ್ಕೆ ನೋಟ್‌ಬುಕ್ಕಿನಲ್ಲಿ 306 ಪಟ್ಟಿ. ಪ್ರತಿ ಪುಟಕ್ಕೆ ಐದು ಕಾಲಂ ಗೆರೆ ಹಾಕಿದ್ದೆ: ದಿನಾಂಕ, ಊರು, ಮನೆ, ನಾರ್ಮಲ್, ಮೇಡಂಗೆ ತೋರಿಸುವುದು. ತಿಂಗಳ ಕೊನೆಗೆ ಎಲ್ಲ ಕೂಡಿ ತಾಳೆಯಾದರೆ ನನಗೆ ಹಬ್ಬ.

ನವೆಂಬರ್ 18, ಮಸಗುಪ್ಪಿ. ಅಂದು ಹದಿನೆಂಟನೆಯವನಾಗಿ ಬಂದವನು ಬೀರಪ್ಪ. ಇಪ್ಪತ್ನಾಲ್ಕು ವರ್ಷ, ಬಾಗಿಲು ತುಂಬುವ ಆಳು. ಜೊತೆಗೆ ಅವನ ಅಪ್ಪ ಸಿದ್ದಪ್ಪ ಕಾಕಾ, ಹೆಗಲ ಮೇಲೆ ಕಂಬಳಿ. ಊರ ಹೊರಗಿನ ಗೋವಿನಜೋಳ ಕೊಯ್ದ ಹೊಲದಲ್ಲಿ ಗೊಬ್ಬರಕ್ಕೆಂದು ಅವರ ಕುರಿಗಳನ್ನು ನಿಲ್ಲಿಸಿದ್ದರು. ಎದೆಗೆ ತಣ್ಣನೆಯ ಜೆಲ್ ಹಚ್ಚುತ್ತಲೇ ಬೀರಪ್ಪ ಕಿಸಕ್ಕೆಂದ.

"ನಗಬ್ಯಾಡ್ರಿ, ಗೆರಿ ಕುಣಿತಾವ."

"ಕುರಿಗೆ ಇಂಜೆಕ್ಷನ್ ಮಾಡೂಮುಂದ ನಾ ಹಿಂಗ ಹಿಡಕೊಂತೇನ್ರಿ ಅಕ್ಕಾರ. ಇವತ್ತ ಗೊತ್ತಾತು ಅದರ ಪಾಡು."

ಫಾರಮ್ಮಿನಲ್ಲಿ ಒಂದು ಪ್ರಶ್ನೆ ಇತ್ತು: ಮನೆಯಲ್ಲಿ ಸಣ್ಣ ವಯಸ್ಸಿನಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ? ಸಿದ್ದಪ್ಪ ಕಾಕಾ ಬಾಗಿಲ ಕಡೆ ನೋಡುತ್ತ, "ನಮ್ಮ ತಮ್ಮ ಮಾಯಪ್ಪ. ಮೂರು ವರ್ಷ ಆತು. ಹೊಳ್ಯಾಗ ಹೋದ" ಅಂದ. ನಾನು "ನೀರಿನಲ್ಲಿ ಮುಳುಗಿ, ಅಪಘಾತ" ಎಂದು ಬರೆದು, ಪ್ರಶ್ನೆಯ ಮುಂದೆ "ಇಲ್ಲ" ಎಂದು ಗುರುತು ಹಾಕಿದೆ.

ಪಟ್ಟಿ ಹೊರಬಂತು. ಹತ್ತು ಚೌಕ. ನಾರ್ಮಲ್.

"ಮನ್ಯಾಗ ಉಳದವ್ರು ಎಷ್ಟ ಮಂದಿ ಅದಾರ್ರಿ ಕಾಕಾ? ಎಲ್ಲಾರ್ನೂ ಕಳಸ್ರಲ್ಲ."

"ಯಾಕ ಬೇಕ್ರಿ? ದನದ ಡಾಕ್ಟ್ರು ಬಂದ್ರ ಹಿಂಡಿನ್ಯಾಗ ಒಂದ ಕುರಿ ನೋಡತಾರ, ಇಡೀ ಹಿಂಡಿಂದು ಹೇಳತಾರ. ಮುನ್ನೂರು ಕುರಿ ಒಂದೊಂದ ಹಿಡದು ನೋಡಿದ್ರ ಅವರ ಪಗಾರ ಸಾಲೂದಿಲ್ಲ. ನಮ್ದು ಒಂದ ರಕ್ತ. ಇಂವಂದು ಚಲೋ ಐತಿ ಅಂದ್ರ ಎಲ್ಲಾರದೂ ಚಲೋ ಐತಿ."

ನಕ್ಕೆ. ಹೊರಗೆ ಸಾಲಿನಲ್ಲಿ ಇನ್ನೂ ಹನ್ನೊಂದು ಜನ ಇದ್ದರು. ಮನೆ ಎಂಬ ಕಾಲಂನಲ್ಲಿ ಒಂದು, ನಾರ್ಮಲ್ ಎಂಬ ಕಾಲಂನಲ್ಲಿ ಒಂದು ಎಂದು ಬರೆದೆ. ಲೆಕ್ಕ ತಾಳೆಯಾಯಿತು. ನಾರ್ಮಲ್ ಎಂದು ಬೀರಪ್ಪನಿಗೆ ಚೀಟಿಯನ್ನೂ ಕೊಟ್ಟೆ.

ಡಿಸೆಂಬರ್ 2ಕ್ಕೆ ಮೇಡಂ ತಿಂಗಳ ಲೆಕ್ಕ ನೋಡಿದರು. ಅವರ ಬೆರಳು ಮಸಗುಪ್ಪಿಯ ಸಾಲಿನ ಮೇಲೆ ನಿಂತಿತು. ಫಾರಮ್ ತರಿಸಿಕೊಂಡರು.

"ಮುಳುಗಿ ಸತ್ತಾಂವಗ ಈಜು ಬರತಿತ್ತೇನು?"

"ಕೇಳಿಲ್ಲರಿ."

"ಕುರಿ ತೊಳ್ಯಾವ್ರು. ಹುಟ್ಟಿದಾಗಿಂದ ಹೊಳ್ಯಾಗ ಇಳದಾವ್ರು. ಅಂಥಾಂವ ಮುಳುಗಿದಾ ಅಂದ್ರ ನೀ ಅಪಘಾತ ಅಂತ ಬರಕೊಂಡಿ." ಅವರು ದನಿ ಏರಿಸಲಿಲ್ಲ. "ಈ ಉದ್ದ ಬಾಲದ ಹೃದಯ ನೀರಿನ್ಯಾಗ ತಾಳ ತಪ್ಪೂದು ಭಾಳ. ಈಜೂ ಮುಂದ. ಸತ್ತಾಂವಗ ಮಕ್ಕಳ ಅದಾರೇನು?"

ಅದನ್ನೂ ಕೇಳಿರಲಿಲ್ಲ. ಬೀರಪ್ಪನ ಫೋನಿಗೆ ಹಚ್ಚಿದೆ, ಬಂದ್ ಆಗಿತ್ತು. ಮಸಗುಪ್ಪಿಯ ಹೊಲದ ಒಡೆಯನಿಗೆ ಹಚ್ಚಿದೆ. ಅವನು ಹೇಳಿದ: ಹಿಂಡು ಹೋಗಿ ಹತ್ತು ದಿನವಾಯಿತು, ಹುಕ್ಕೇರಿ ಕಡೆ ಹೊರಟರು, ಪ್ರತಿ ವರ್ಷ ದಡ್ಡಿಯ ಹತ್ತಿರ ಹೊಳೆಯಲ್ಲಿ ಕುರಿ ತೊಳೆದು ಉಣ್ಣೆ ಕತ್ತರಿಸುತ್ತಾರೆ. "ಮುಂದ ಈಜಾಕ ಆ ಹುಡುಗಿ ಇದ್ದಾಳಲ್ರಿ, ಸತ್ತಾಂವನ ಮಗಳು. ಅಪ್ಪನ ಜಾಗಾದಾಗ ಈಗ ಆಕೀನ ಇಳೀತಾಳ. ಏನ್ ಈಜತಾಳ ಅಂತೀರಿ!"

ನಾಲ್ಕು ದಿನ ಸ್ಕೂಟರಿನ ಮೇಲೆ ಹಿಂಡು ಹುಡುಕಿದೆ. ಯಂತ್ರ ಕಾಲ ಹತ್ತಿರ, ಚೀಲದಲ್ಲಿ. ಕೊಯ್ದ ಹೊಲಗಳಲ್ಲಿ ಹಿಕ್ಕೆ ಒಣಗಿದೆಯೇ ಹಸಿಯಿದೆಯೇ ಎಂದು ಇಳಿದು ನೋಡುವುದನ್ನು ಕಲಿತೆ. ಡಿಸೆಂಬರ್ 6ರ ಸಂಜೆ ಹತ್ತರಗಿಯಲ್ಲಿ ಹೆದ್ದಾರಿಯ ಚಹಾ ಅಂಗಡಿಯವನು ಹಿಂದಿನ ದಿನ ದೊಡ್ಡ ಹಿಂಡೊಂದು ರಸ್ತೆ ದಾಟಿತು ಎಂದ. ಅಂದು ಮನೆಯಲ್ಲೇ ಉಳಿದೆ. ಅವ್ವ ರೊಟ್ಟಿ ಬಡಿಯುತ್ತ, "ಮಂದಿ ಎದಿ ಹುಡುಕ್ಕೊಂತ ತಿರಗಾಕತ್ತಿ, ನಿನ್ನ ಹೊಟ್ಟಿ ಯಾರ ನೋಡಬೇಕು?" ಅಂದಳು. ನಸುಕಿನಲ್ಲಿ ತಾನೇ ಬುತ್ತಿ ಕಟ್ಟಿ ಚೀಲದಲ್ಲಿಟ್ಟಳು.

ಡಿಸೆಂಬರ್ 7, ದಡ್ಡಿ, ಬೆಳಿಗ್ಗೆ ಎಂಟು ಇಪ್ಪತ್ತು. ದಂಡೆಯ ಮೇಲೆ ಹಿಂಡು ಕಂಡಿತು. ಉಣ್ಣೆ ಕತ್ತರಿಸುವವರು ಆಚೆ ದಂಡೆಯಲ್ಲಿ ಆಗಲೇ ತಾಡಪತ್ರಿ ಹಾಸಿ ಕೂತಿದ್ದರು. ನೀರಿನ ಅಂಚಿನಲ್ಲಿ ಅಪ್ಪನ ಹಳೇ ಅಂಗಿ ತೊಟ್ಟು, ಸೆರಗು ಸೊಂಟಕ್ಕೆ ಬಿಗಿದು, ಒಬ್ಬ ಹುಡುಗಿ ಮೊಣಕಾಲುದ್ದ ಇಳಿದಿದ್ದಳು. ಹತ್ತೊಂಬತ್ತು ಇರಬಹುದು. ಅವಳೇ ಮಾಯಪ್ಪನ ಮಗಳು, ಮಾಳವ್ವ. ಹಿಂಡು ತಾನಾಗಿ ಆಳದ ನೀರಿಗೆ ಇಳಿಯುವುದಿಲ್ಲ. ಒಬ್ಬರು ಮುಂದೆ ಈಜುತ್ತ ಕೂಗು ಹಾಕಬೇಕು. ಮುಂದಿನ ಟಗರು ಆ ದನಿಯ ಹಿಂದೆ ಬೀಳುತ್ತದೆ, ಟಗರಿನ ಹಿಂದೆ ಉಳಿದವು. ಆ ದನಿ ಅವಳದು.

ನಾನು ಸ್ಕೂಟರ್ ಬಿಟ್ಟು ಓಡಿದೆ. "ಇಳೀಬ್ಯಾಡ! ತಂಗಿ, ಇಳೀಬ್ಯಾಡ, ನಿಂದರು!"

ಎಲ್ಲರೂ ತಿರುಗಿದರು. ಸಿದ್ದಪ್ಪ ಕಾಕಾನಿಗೆ ನನ್ನ ಗುರುತು ಸಿಕ್ಕಿತು. "ಇದೇನ್ರಿ ಅಕ್ಕಾರ, ಇಲ್ಲಿತನಕ?"

ಉಸಿರು ಸುಧಾರಿಸಿಕೊಂಡು, ಮೇಡಂಗೆ ಬಂದ ಅನುಮಾನ ತಿಳಿಸಿ, ಗೆರೆ ನೋಡದೆ ಹುಡುಗಿ ನೀರಿಗೆ ಇಳಿಯಬಾರದು ಎಂದೆ. ಅವನ ಮುಖ ಗಂಟಾಯಿತು.

"ಬೀರಪ್ಪಂದು ಚಲೋ ಐತಿ ಅಂತ ನೀವ ಚೀಟಿ ಬರದ ಕೊಟ್ಟೀರಿ. ಈಗ ನೀವ ಬ್ಯಾಡ ಅಂತೀರಿ. ತೊಳಿಯೂದು ತಡಾ ಆದ್ರ ಉಣ್ಣಿ ಒಣಗಾಕ ಸಂಜಿ ಆಕ್ಕೈತಿ."

"ತಪ್ಪು ನಂದ್ರಿ ಕಾಕಾ. ಒಬ್ಬರ ಗೆರಿ ನೋಡಿ ಮನಿಮಂದಿದೆಲ್ಲಾ ಬರದೆ. ಒಂದ ಕುರಿಗೆ ಒಮ್ಮಿ ಬಿಳಿ ಮರಿ, ಒಮ್ಮಿ ಕರಿ ಮರಿ ಆಗತಾವಲ್ರಿ? ಬಿಳೀದನ್ನ ನೋಡಿ ಕರೇದು ಇಲ್ಲ ಅಂತ ಹೇಳಾಕ ಬರತೈತೇನ್ರಿ?"

ಉತ್ತರ ಕೊಟ್ಟವಳು ಮಾಳವ್ವ, ನೀರಿನಲ್ಲಿ ನಿಂತೇ.

"ಅಕ್ಕಾರ, ಈ ಹೊಳಿ ನಾ ಎಷ್ಟ ಸಲ ದಾಟೇನಿ ಅನ್ನೂದು ಈ ಕುರಿಗೆ ಗೊತ್ತೈತಿ. ಬೇಕಂದ್ರ ನೀವೂ ಬರ್ರಿ, ಟಗರಿನ ಬಾಲ ಹಿಡಕೊಂಡು."

ಕತ್ತರಿಸುವವರು ಆಚೆಯಿಂದಲೇ ನಕ್ಕರು. ಅವಳ ಅವ್ವ ಲಕ್ಕವ್ವ ನಗಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ, "ಹೋದ ಬ್ಯಾಸಿಗ್ಯಾಗ ನಾಯಿ ಬೆನ್ನ ಹತ್ತಿ ದಿನ್ನಿ ಏರಿ ಓಡಿ ಕಣ್ಣಕತ್ತಲಿ ಬಂದು ಬಿದ್ದಿದ್ಲರಿ. ಹೊಟ್ಯಾಗ ಏನೂ ಇರಲಿಲ್ಲ, ಅದಕ್ಕ ಅಂದಿವಿ" ಅಂದಳು. ಆಮೇಲೆ ಮಗಳ ಕಡೆ ತಿರುಗಿ, "ಬಾ ಮ್ಯಾಲ. ಹತ್ತ ನಿಮಿಷದಾಗ ಹೊಳಿ ಎಲ್ಲೂ ಹೋಗೂದಿಲ್ಲ" ಅಂದಳು.

ಜಾಲಿಗಿಡದ ಕೆಳಗೆ ಕಂಬಳಿ ಹಾಸಿದೆವು. ಇನ್ನೊಂದು ಕಂಬಳಿಯನ್ನು ಲಕ್ಕವ್ವ ಎರಡೂ ಕೈ ಚಾಚಿ ಪರದೆಯಾಗಿ ಹಿಡಿದಳು. ಮಾಳವ್ವನ ಉಸಿರು ನಿಧಾನವಾಗುವವರೆಗೆ ಕಾದು ಗುಂಡಿ ಒತ್ತಿದೆ. ಶಾಲೆಯ ಕೋಣೆಗಳಲ್ಲಿ ಗೋಡೆಯೊಳಗಿನ ಕರೆಂಟಿನಿಂದ ಗೆರೆ ನಡುಗುತ್ತಿತ್ತು. ಇಲ್ಲಿ ಸುತ್ತ ಒಂದು ತಂತಿಯೂ ಇರಲಿಲ್ಲ. ಅಷ್ಟು ಸ್ವಚ್ಛ ಗೆರೆಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಬಡಿತ ಎದ್ದಿತು, ಇಳಿಯಿತು. ಗುಡ್ಡ ಅವಸರವಿಲ್ಲದೆ ಏರಿತು, ಇಳಿಯಲು ಮರೆತಂತೆ ನಿಂತಿತು, ಆಮೇಲೆ ಇಳಿಯಿತು. ಪ್ರತಿ ಸಲವೂ ಹಾಗೇ.

ಎಣಿಸಿದೆ. ಮತ್ತೆ ಎಣಿಸಿದೆ. ಫೋಟೋ ತೆಗೆದು ಮೇಡಂಗೆ ಕಳಿಸಿದೆ. ಒಂದೇ ಕಡ್ಡಿ ನೆಟ್‌ವರ್ಕಿನಲ್ಲಿ ಅದು ಹೋಗಲು ನಾಲ್ಕು ನಿಮಿಷ ಹಿಡಿಯಿತು. ಫೋನ್ ಬಂತು.

"ಆಕೀನ ನೀರಿಗೆ ಬಿಡಬ್ಯಾಡ. ಈಗ ಎಬ್ಬಿಸಿ ನಿಲ್ಲಿಸಿ ಇನ್ನೊಂದ ತಗಿ."

ನಿಂತಾಗ ಬಡಿತ ಜೋರಾಯಿತು. ಗುಡ್ಡ ಅದಕ್ಕೆ ತಕ್ಕಂತೆ ಕಿರಿದಾಗಬೇಕಿತ್ತು, ಆಗಲಿಲ್ಲ. ಒಂದು ಬಡಿತದ ಬಾಲ ಇಳಿದು ಮುಗಿಯುವುದರೊಳಗೆ ಮುಂದಿನದು ಹತ್ತಿರ ಬಂದು ನಿಲ್ಲುತ್ತಿತ್ತು. ಬರೀ ಎದ್ದು ನಿಂತದ್ದಕ್ಕೆ ಹೀಗೆ. ನಡುಹೊಳೆಯಲ್ಲಿ ಕೈ ಬೀಸುವಾಗ ಹೇಗಿರುತ್ತದೆ ಎಂದು ಆ ಎರಡು ಗೆರೆಗಳ ನಡುವಿನ ಬಿಳಿ ಜಾಗ ನೋಡಿದಾಗ ನನಗೆ ತಿಳಿಯಿತು. ಕೈಯಲ್ಲಿದ್ದದ್ದು ಗೇಣುದ್ದದ ಕಾಗದ. ಎದುರಿಗಿದ್ದದ್ದು ಇಡೀ ಹೊಳೆ. ಹೊಳೆಯಲ್ಲಿ ಆಗಬಹುದಾದದ್ದು ಕಾಗದದ ಮೇಲೆ ಮೊದಲೇ ಬಂದು ಕೂತಿತ್ತು.

ಮಾಳವ್ವ ಅಂಗಿ ಸರಿ ಮಾಡಿಕೊಂಡು ಬಂದಳು. "ಏನಂತೈತ್ರಿ ನಿಮ್ಮ ಕಾಗದ?"

ಬೀರಪ್ಪನ ಪಟ್ಟಿ ನನ್ನ ಫೈಲಿನಲ್ಲಿತ್ತು. ಮಲಗಿದಾಗ ಇಬ್ಬರ ಬಡಿತವೂ ನಿಮಿಷಕ್ಕೆ ಅರವತ್ತರ ಆಸುಪಾಸು, ಆದ್ದರಿಂದ ನೇರವಾಗಿ ಹೋಲಿಸಬಹುದಿತ್ತು. ಎರಡನ್ನೂ ಕಂಬಳಿಯ ಮೇಲೆ ಒಂದರ ಕೆಳಗೊಂದು ಇಟ್ಟೆ. ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸಿ ಪೆನ್ಸಿಲ್ ಅವಳ ಕೈಗೇ ಕೊಟ್ಟೆ. ದಿನಾ ಸಂಜೆ ಹಿಂಡು ಎಣಿಸುವವಳು ಅವಳೇ ಎಂದು ಲಕ್ಕವ್ವ ಹೇಳಿದ್ದಳು. ಕುರಿ ಎಣಿಸುವಂತೆಯೇ ತುಟಿ ಆಡಿಸದೆ, ತಲೆ ತುಸು ಕುಣಿಸುತ್ತ ಎಣಿಸಿದಳು.

"ಬೀರಣ್ಣಂದು ಹತ್ತು." ಕೆಳಗಿನದಕ್ಕೆ ಬಂದಳು. ಎಣಿಸಿದಳು. ಮುಂದಿನ ಬಡಿತಕ್ಕೆ ಹೋಗಿ ಮತ್ತೆ ಎಣಿಸಿದಳು. ಮೂರನೆಯದನ್ನೂ ಎಣಿಸಿದಳು. "ನಂದು ಹದಿಮೂರು."

ದಂಡೆಯ ಮೇಲೆ ಕುರಿಗಳು ಒದರುತ್ತಿದ್ದವು.

"ಈ ಮೂರು ಹೆಚ್ಚಿನವು ಎಲ್ಲಿಂದ ಬಂದೂವ್ರಿ?" ಎಂದು ಲಕ್ಕವ್ವ ಕೇಳಿದಳು. "ನನ್ನಿಂದೋ, ಅಪ್ಪನಿಂದೋ?"

"ಇಬ್ಬರಲ್ಲಿ ಒಬ್ಬರಿಂದ ಬಂದಿರತಾವರಿ. ನಿಮ್ಮದೊಂದು ತಗೀತೀನಿ."

ಈ ಸಲ ಕಂಬಳಿ ಹಿಡಿದವಳು ಮಗಳು. ಲಕ್ಕವ್ವನದು ಹತ್ತೂವರೆ ಬಂತು. ಹೆಂಗಸರಿಗೆ ಅದು ಸರಿಯಾದದ್ದೇ.

ಆಗ ಸಿದ್ದಪ್ಪ ಕಾಕಾ ಕಂಬಳಿಯ ಅಂಚಿಗೆ ಕುಕ್ಕರಗಾಲಿನಲ್ಲಿ ಕೂತ. ಪಟ್ಟಿ ಮುಟ್ಟಲಿಲ್ಲ.

"ಆವತ್ತ ಅಂವ ದಣದಿದ್ದ. ನಾಳೆ ತೊಳಿಯೋಣು ಅಣ್ಣಾ ಅಂದ. ಇವತ್ತ ಮುಗಸು ಅಂತ ನಾನ ದಬ್ಬಿದೆ. ನಡು ಹೊಳ್ಯಾಗ ಕೈ ಬೀಸೂದು ನಿಲ್ಲಿಸಿದ. ಕೂಗಲಿಲ್ಲ, ಒದ್ಯಾಡಲಿಲ್ಲ. ಚ್ಯಾಷ್ಟಿ ಮಾಡಾಕತ್ತಾನ ಅಂತ ನಾ ದಂಡಿ ಮ್ಯಾಲ ನಿಂತು ನಕ್ಕೆ." ಕೆಳಗಿನ ಪಟ್ಟಿಯ ಕಡೆ ಬೆರಳು ತೋರಿಸಿ ಕೇಳಿದ. "ಅಂವಂದೂ ಹಿಂಗ ಇತ್ತೇನ್ರಿ?"

"ಖಚಿತ ಹೇಳಾಕ ಆಗೂದಿಲ್ಲರಿ ಕಾಕಾ. ಅವರ ಗೆರಿ ಯಾರೂ ತಗದಿಲ್ಲ. ಖರೆ, ತಾಯಿದು ಸರಿ ಐತಿ, ಮಗಳದು ಹಿಂಗೈತಿ. ಅಪ್ಪನಿಂದ ಬಂದಿರಬೇಕು. ದಣದಿದ್ರೂ ದಣೀದಿದ್ರೂ, ಆವತ್ತಲ್ಲದಿದ್ರ ಇನ್ನೊಂದ ದಿನ ಆಗಬಹುದಿತ್ತು."

ಅವನು ಎದ್ದು ಹಿಂಡಿನ ಕಡೆ ತಿರುಗಿದ. ಆಮೇಲೆ ಲಕ್ಕವ್ವ ನನ್ನ ಕಿವಿಯಲ್ಲಿ ಹೇಳಿದಳು: ಆ ದಿನದಿಂದ ಈ ಮೂರು ವರ್ಷ ಭಾವ ಹೊಳೆಗೆ ಕಾಲು ಇಟ್ಟಿಲ್ಲ, ಕುಡಿಯುವ ನೀರೂ ಬೇರೆಯವರು ತಂದುಕೊಡಬೇಕು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಾಳವ್ವನ ಪಟ್ಟಿಯನ್ನು ಗೋಕಾಕದಲ್ಲಿ ಮತ್ತೆ ಮೂರು ಸಲ ತೆಗೆದೆವು, ಪ್ರತಿ ಸಲವೂ ಗೆರೆ ಅದನ್ನೇ ಹೇಳಿತು. ಮೇಡಂ ಗುಳಿಗೆ ಶುರು ಮಾಡಿದರು. ಒಂದು ದಿನವೂ ತಪ್ಪಿಸಬಾರದು, ಈಜಬಾರದು, ಕೇಳದೆ ಬೇರೆ ಯಾವ ಔಷಧಿಯನ್ನೂ ನುಂಗಬಾರದು. ಮೂಡಲಗಿಗೆ ಕೊಟ್ಟ ಮಾಯಪ್ಪನ ತಂಗಿಯದೂ ಉದ್ದ ಬಂತು. ಅವಳು ಎರಡು ಸಲ ಬಾವಿಕಟ್ಟೆಯ ಹತ್ತಿರ ಬಿದ್ದದ್ದನ್ನು ಗಾಳಿ ಸೋಕಿದೆ ಎಂದುಕೊಂಡಿದ್ದರು. ಆ ಮನೆತನದಲ್ಲಿ ಪಟ್ಟಿ ತೆಗೆಸಿದವರು ಒಟ್ಟು 9, ಉದ್ದ ಬಾಲ 2. ಇಬ್ಬರೂ ಚೆನ್ನಾಗಿದ್ದಾರೆ.

ಆದರೆ ಅಂದು ಬೆಳಿಗ್ಗೆ ಮುನ್ನೂರರ ಹತ್ತಿರ ಕುರಿಗಳು ದಂಡೆಯ ಮೇಲಿದ್ದವು, ಕತ್ತರಿಸುವವರು ಆಚೆ ಕಾಯುತ್ತಿದ್ದರು. ಮಾಳವ್ವ ಪಟ್ಟಿಯನ್ನು ಮಡಚಿ ಅವ್ವನ ಕೈಗೆ ಕೊಟ್ಟು, "ನಾ ಇಳೀದಿದ್ರ ಇವು ಯಾರ ಮಾತ ಕೇಳತಾವು?" ಅಂದಳು. ಆ ಒಂದು ಸಲ ಮಾತ್ರ ಅವಳ ದನಿ ಒಡೆಯಿತು.

"ಕೂಗು ನಿಂದ ಇರಲಿ" ಎಂದ ಸಿದ್ದಪ್ಪ ಕಾಕಾ. "ಬೀರ್‍ಯಾ, ಆಕೀನ ನಿನ್ನ ಗಾಡಿ ಮ್ಯಾಲ ಕುಂದ್ರಿಸಿಕೊಂಡು ಸೇತುವಿ ಮ್ಯಾಲಿಂದ ಆಚಿ ದಂಡಿಗೆ ಹೋಗು. ಅಲ್ಲಿ ನಿಂತು ಕರೀಲಿ."

"ಮುಂದ ಈಜಾವ್ರು ಯಾರಪಾ?" ಎಂದ ಬೀರಪ್ಪ.

ಕಾಕಾ ಹೆಗಲ ಕಂಬಳಿ ತೆಗೆದು ಗಿಡದ ಮೇಲೆ ಹಾಕಿದ. ನಾನು ಅಡ್ಡ ನಿಂತೆ.

"ನಿಮ್ಮ ಗೆರಿ ನೋಡದ ನಾ ಬಿಡೂದಿಲ್ಲರಿ. ನೀವೂ ಅದ ತಾಯಿ ಮಗ."

"ಇವತ್ತ ನೀ ಕುರಿಗೂ ಹಚ್ಚತೀ ಅದನ್ನ" ಎಂದು ಗೊಣಗುತ್ತ ಮಲಗಿದ. ಪಟ್ಟಿ ಬಂತು. ಅದನ್ನು ಮಾಳವ್ವ ನನಗೆ ಕೊಡದೆ ತಾನೇ ಹಿಡಿದು ಎಣಿಸಿದಳು. ಹತ್ತು. ನಾನು ಎಣಿಸಿದೆ. ಹತ್ತು. ಎದ್ದು ನಿಲ್ಲಿಸಿ ತೆಗೆದದ್ದೂ ಸರಿಯಾಗಿತ್ತು. ಎರಡನ್ನೂ ಮೇಡಂಗೆ ಕಳಿಸಿದೆ. "ಅಡ್ಡಿಯಿಲ್ಲ" ಎಂದು ಬರೆದರು.

ಆಚೆ ದಂಡೆಯಿಂದ ಅವಳ ಕೂಗು ಬಂತು. ಉದ್ದನೆಯ, ಕೊನೆಯಲ್ಲಿ ಮೇಲೇರುವ ಕೂಗು. ಟಗರು ಕಿವಿ ನಿಮಿರಿಸಿತು. ಸಿದ್ದಪ್ಪ ಕಾಕಾ ಅದರ ಕೊಂಬು ಹಿಡಿದು ಮೊಣಕಾಲುದ್ದ, ಸೊಂಟದುದ್ದ, ಎದೆಯುದ್ದ ಇಳಿದ. ಕೈ ಬೀಸಿದ. ಹಿಂದೆ ಬಿಳಿಯ, ಕರಿಯ ಬೆನ್ನುಗಳು ಒಂದೊಂದಾಗಿ ನೀರಿಗೆ ಬಿದ್ದವು. ನಡುಹೊಳೆಗೆ ಬಂದಾಗ ಅವನು ಈಜುವುದನ್ನು ನಿಲ್ಲಿಸಿದ. ಅಲ್ಲಿ ಒಂದು ದಿಬ್ಬವಿತ್ತು, ಕಾಲಿಗೆ ನೆಲ ಸಿಗುತ್ತಿತ್ತು. ಸುತ್ತ ನೀರು ನೋಡುತ್ತ ನಿಂತ. ಲಕ್ಕವ್ವ ನನ್ನ ಮುಂಗೈ ಹಿಡಿದಳು. ಕತ್ತರಿಸುವವರು ಎದ್ದು ನಿಂತರು.

"ದೊಡ್ಡಪ್ಪಾ!" ಆಚೆಯಿಂದ ಮಾಳವ್ವ ಒದರಿದಳು. "ನಿನ್ನ ದಾಟಿ ಟಗರು ಮುಂದ ಹೊಂಟೈತಿ. ನಾಚಿಕಿ ಬರೂದಿಲ್ಲೇನ ನಿನಗ?"

ಅವನು ತಲೆ ಎತ್ತಿ ನೋಡಿದ, ಮುಖದ ಮೇಲೆ ಒಮ್ಮೆ ನೀರು ಎರಚಿಕೊಂಡ. ಮತ್ತೆ ಕೈ ಬೀಸಿ ಆ ದನಿಯ ಕಡೆಗೆ ಈಜಿದ.